ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಕೋಣೆ ಸ್ಟುಡಿಯೋ ಆಗುತ್ತದೆಯೇ? ಮನೆಯಲ್ಲೇ ವಾಯ್ಸ್ ಓವರ್ ಮಾಡುವವರು ತಿಳಿಯಬೇಕಾದ ಸಂಗತಿಗಳು

‘ಖಾಲಿ ಮೊಟ್ಟೆ ಟ್ರೇಗಳನ್ನು ಗೋಡೆಗೆ ಅಂಟಿಸಿ, ಮನೆಯ ಕೋಣೆಯನ್ನೇ ಸೌಂಡ್‌ಪ್ರೂಫ್ ಸ್ಟುಡಿಯೋ ಮಾಡಿಕೊಳ್ಳಿ’, ‘ಒಳ್ಳೆಯ ಮೈಕ್ ಕೊಂಡರೆ ಸಾಕು’, ‘ಗದ್ದಲ ಇದ್ದರೂ ಚಿಂತೆಯಿಲ್ಲ, ಆ್ಯಪ್ ಎಲ್ಲವನ್ನೂ ತೆಗೆದುಹಾಕುತ್ತದೆ’. ಇಂತಹ ಸಲಹೆಗಳು ಮೊಬೈಲ್‌ಗಳಲ್ಲಿ ಆಗಾಗ ಹರಿದಾಡುತ್ತಿರುತ್ತವೆ. ಜಾಹೀರಾತು, ಡಬ್ಬಿಂಗ್, ಆಡಿಯೋ ಪುಸ್ತಕ, ಯೂಟ್ಯೂಬ್ ವಿಡಿಯೋಗಳಿಗೆ ಮನೆಯಿಂದಲೇ ದನಿ ನೀಡಲು ಬಯಸುವವರು ಇವನ್ನು ನಂಬಿ ಹಣ ಖರ್ಚು ಮಾಡುತ್ತಾರೆ. ಈ ಸಲಹೆಗಳಲ್ಲಿ ಎಷ್ಟು ನಿಜವಿದೆ? ಒಂದೊಂದಾಗಿ ನೋಡೋಣ.

ನಂಬಿಕೆ 1: ಮೊಟ್ಟೆ ಟ್ರೇ ಶಬ್ದವನ್ನು ತಡೆಯುತ್ತದೆ

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ಭಾವಿಸಲಾಗಿದೆ. ಹೊರಗಿನ ಶಬ್ದ ಒಳಬರದಂತೆ ತಡೆಯುವುದು ಒಂದು. ಒಳಗಿನ ನಮ್ಮದೇ ದನಿ ಗೋಡೆಗೆ ಬಡಿದು ಮರಳಿ ಬರದಂತೆ ಹೀರಿಕೊಳ್ಳುವುದು ಇನ್ನೊಂದು.

ಹೊರಗಿನ ಶಬ್ದವನ್ನು ತಡೆಯಲು ಭಾರವಾದ ಗೋಡೆ ಬೇಕು ಮತ್ತು ಸಂದುಗಳು ಮುಚ್ಚಿರಬೇಕು. ಇಟ್ಟಿಗೆ ಗೋಡೆ ಈ ಕೆಲಸವನ್ನು ಆಗಲೇ ಮಾಡುತ್ತಿರುತ್ತದೆ. ಬೀದಿಯ ಹಾರ್ನ್ ಹೆಚ್ಚಾಗಿ ಒಳಬರುವುದು ಕಿಟಕಿ ಮತ್ತು ಬಾಗಿಲಿನ ಸಂದುಗಳಿಂದ. ಹಗುರವಾದ ಕಾಗದದ ಟ್ರೇಯನ್ನು ಗೋಡೆಗೆ ಅಂಟಿಸಿದರೆ ಅದರಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ.

ಇನ್ನು ಹೀರಿಕೊಳ್ಳುವ ವಿಷಯ. ಶಬ್ದದ ಅಲೆ ಮೃದು ವಸ್ತುವಿನ ಸೂಕ್ಷ್ಮ ರಂಧ್ರಗಳೊಳಗೆ ನುಗ್ಗಿ, ಅಲ್ಲಿನ ಘರ್ಷಣೆಯಿಂದ ಶಾಖವಾಗಿ ಕರಗುತ್ತದೆ. ಇದಕ್ಕೆ ವಸ್ತುವಿನ ದಪ್ಪ ಮುಖ್ಯ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಗಂಡಸಿನ ದನಿಯ ಕೆಳಸ್ತರ ಸುಮಾರು 100 ಹರ್ಟ್ಝ್ ಎಂದುಕೊಂಡರೆ ಆ ಅಲೆಯ ಉದ್ದ ಸುಮಾರು 3.4 ಮೀಟರ್. ಕೆಲವೇ ಮಿಲಿಮೀಟರ್ ದಪ್ಪದ ಟ್ರೇ ಇಷ್ಟು ದೊಡ್ಡ ಅಲೆಗೆ ಅಡ್ಡಿಯೇ ಅಲ್ಲ. ಅದು ತೀಕ್ಷ್ಣ ಶಬ್ದಗಳನ್ನು ಮಾತ್ರ ಸ್ವಲ್ಪ ತಗ್ಗಿಸುತ್ತದೆ. ಪರಿಣಾಮವಾಗಿ ಮಾತಿನ ಸ್ಪಷ್ಟತೆ ಕಡಿಮೆಯಾಗಿ, ಗುಂಯ್‌ಗುಡುವಿಕೆ ಹಾಗೆಯೇ ಉಳಿಯುತ್ತದೆ.

ಇದಕ್ಕಿಂತ ಗಂಭೀರವಾದ ವಿಷಯ ಬೆಂಕಿ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ‘ಸ್ಟೇಷನ್’ ನೈಟ್‌ಕ್ಲಬ್‌ನಲ್ಲಿ 100 ಜನ ಸತ್ತರು. 2013ರ ಜನವರಿಯಲ್ಲಿ ಬ್ರೆಜಿಲ್‌ನ ಸಾಂಟಾ ಮರಿಯಾದ ‘ಕಿಸ್’ ನೈಟ್‌ಕ್ಲಬ್‌ನಲ್ಲಿ 242 ಜನ ಸತ್ತರು. ಎರಡೂ ಕಡೆ ಶಬ್ದ ತಗ್ಗಿಸಲೆಂದು ಹಾಕಿದ್ದ ಫೋಮ್‌ಗೆ ಸಿಡಿಮದ್ದಿನ ಕಿಡಿ ತಗುಲಿ ವಿಷದ ಹೊಗೆ ತುಂಬಿಕೊಂಡಿತ್ತು. ಮನೆಯಲ್ಲಿ ಸಿಡಿಮದ್ದು ಇರುವುದಿಲ್ಲ ನಿಜ. ಆದರೆ ಸ್ವಿಚ್ ಬೋರ್ಡ್, ಎಕ್ಸ್‌ಟೆನ್ಷನ್ ಬಾಕ್ಸ್, ದೀಪ, ಊದುಬತ್ತಿ ಎಲ್ಲವೂ ಇರುತ್ತವೆ. ಕೋಣೆಯ ತುಂಬ ಒಣ ಕಾಗದವನ್ನೋ, ಪ್ಯಾಕಿಂಗ್ ಫೋಮನ್ನೋ ಅಂಟಿಸಿ ಮಲಗುವುದು ಅಪಾಯವನ್ನು ಆಹ್ವಾನಿಸಿದಂತೆ.

ನಂಬಿಕೆ 2: ದುಬಾರಿ ಮೈಕ್ ಇದ್ದರೆ ಸಾಕು

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಸಭಾಂಗಣದಲ್ಲಿ ಯಾರು ಮಾತಾಡಿದರೂ ಅರ್ಥವಾಗುತ್ತಿರಲಿಲ್ಲ. ಒಂದು ಶಬ್ದ ಹೊರಟರೆ ಸುಮಾರು 5.5 ಸೆಕೆಂಡ್ ಅಲ್ಲೇ ಮೊಳಗುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸ್ಯಾಬೈನ್ ಎಂಬ ಯುವ ಭೌತವಿಜ್ಞಾನಿಯ ಪಾಲಿಗೆ ಬಂತು. ಅವರು ರಾತ್ರಿ ಹೊತ್ತು ಪಕ್ಕದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಶಬ್ದ ಎಷ್ಟು ಬೇಗ ಅಡಗುತ್ತದೆ ಎಂದು ಅಳೆದರು. ಮೆತ್ತೆ ಹೆಚ್ಚಿದಂತೆ ಮೊಳಗು ಕಡಿಮೆಯಾಯಿತು. ಇಂದಿಗೂ ಸ್ಟುಡಿಯೋ ಕಟ್ಟುವವರು ಬಳಸುವ ಲೆಕ್ಕ ಹುಟ್ಟಿದ್ದು ಆ ಮೆತ್ತೆಗಳಿಂದ.

ನಮ್ಮ ಮನೆಗಳಲ್ಲೂ ಸಮಸ್ಯೆ ಅದೇ. ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಗಾಜಿನ ಕಿಟಕಿ ಎಲ್ಲವೂ ದನಿಯನ್ನು ಹಿಂದಕ್ಕೆ ಎಸೆಯುತ್ತವೆ. ಇದು ನಮಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಏಕೆಂದರೆ ಎರಡು ಕಿವಿಗಳಿಂದ ಕೇಳುವಾಗ ಮಿದುಳು ಮೊದಲು ಬಂದ ಶಬ್ದಕ್ಕೆ ಮಹತ್ವ ಕೊಟ್ಟು, ಕ್ಷಣಾರ್ಧದಲ್ಲಿ ಮರಳಿ ಬಂದದ್ದನ್ನು ಬದಿಗೆ ಸರಿಸುತ್ತದೆ. ಮೈಕ್‌ಗೆ ಆ ಬುದ್ಧಿ ಇಲ್ಲ. ದುಬಾರಿ ಮೈಕ್ ಸೂಕ್ಷ್ಮವಾಗಿದ್ದಷ್ಟೂ ಕೋಣೆಯ ದೋಷವನ್ನು ಇನ್ನಷ್ಟು ಸ್ಪಷ್ಟವಾಗಿ ಹಿಡಿಯುತ್ತದೆ.

ನಂಬಿಕೆ 3: ಉಳಿದದ್ದನ್ನು ಆ್ಯಪ್ ಸರಿಮಾಡುತ್ತದೆ

ಇದು ಭಾಗಶಃ ನಿಜ. ಫ್ಯಾನಿನಂತೆ ಒಂದೇ ಸಮನೆ ಕೇಳುವ ಶಬ್ದವನ್ನು ಆ್ಯಪ್ ಗುರುತಿಸಿ ತಗ್ಗಿಸಬಲ್ಲದು. ಆದರೆ ಹೆಚ್ಚು ತಗ್ಗಿಸಿದರೆ ಮಾತಿನ ಭಾಗವೂ ಹೋಗಿ, ನೀರಿನೊಳಗಿಂದ ಮಾತಾಡಿದಂತೆ ಕೇಳುತ್ತದೆ. ಎಕೋ ಎಂಬುದು ನಮ್ಮದೇ ದನಿಯ ನೆರಳು. ಎಐ ಸಾಧನಗಳು ಅದನ್ನು ತಗ್ಗಿಸಿದರೂ ಅತಿಯಾದರೆ ದನಿ ಕೃತಕವಾಗುತ್ತದೆ. ಇನ್ನು ಜೋರಾಗಿ ರೆಕಾರ್ಡ್ ಆಗಿ ದನಿ ಒಡೆದುಹೋಗಿದ್ದರೆ, ಕಳೆದುಹೋದದ್ದನ್ನು ಹಾಗೆಯೇ ಮರಳಿ ತರಲಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು?

• ಹಾಸಿಗೆ, ಪರದೆ, ಬಟ್ಟೆ ಇರುವ ಚಿಕ್ಕ ಕೋಣೆ ಆರಿಸಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರತ್ತ ಮುಖಮಾಡಿ ಮಾತಾಡಿ. ಬೆನ್ನ ಹಿಂದೆ ದಪ್ಪ ಕಂಬಳಿ ಅಥವಾ ರಜಾಯಿ ತೂಗುಹಾಕಿ. ದೀಪ, ಹೀಟರ್‌ಗಳಿಂದ ಅದನ್ನು ದೂರವಿಡಿ.

• ಮೈಕ್ ಅಥವಾ ಫೋನ್ ಬಾಯಿಯಿಂದ ಸುಮಾರು ಒಂದು ಗೇಣು ದೂರದಲ್ಲಿರಲಿ. ದೂರ ಅರ್ಧವಾದರೆ ನೇರ ದನಿ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಆದರೆ ಕೋಣೆಯ ಮೊಳಗು ಬಹುತೇಕ ಅಷ್ಟೇ ಇರುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

• ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಫಲ’, ‘ಭಾರತ’ ಎನ್ನಿ. ತಗಲುವ ಗಾಳಿಯೇ ರೆಕಾರ್ಡಿಂಗ್‌ನಲ್ಲಿ ‘ಡಬ್’ ಎಂದು ಕೇಳಿಸುವುದು. ಮೈಕನ್ನು ನೇರ ಎದುರಿಗೆ ಇಡದೆ ತುಸು ಪಕ್ಕಕ್ಕೆ ಇಡಿ. ಮಹಾಪ್ರಾಣಗಳನ್ನು ನುಂಗಬೇಕಿಲ್ಲ.

• ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಸಾಧ್ಯವಾದರೆ ನಸುಕಿನಲ್ಲಿ ಅಥವಾ ತಡರಾತ್ರಿ ರೆಕಾರ್ಡ್ ಮಾಡಿ.

• ದನಿಯ ಗರಿಷ್ಠ ಮಟ್ಟ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಇರಲಿ. ಆಡಿಯೋ ಪುಸ್ತಕಗಳ ಎಸಿಎಕ್ಸ್ ವೇದಿಕೆ, ಮಾತಿಲ್ಲದ ಜಾಗದಲ್ಲಿ ಗದ್ದಲ ಮೈನಸ್ 60 ಡೆಸಿಬಲ್‌ಗಿಂತ ಕೆಳಗಿರಬೇಕು ಎಂದು ಕೇಳುತ್ತದೆ. ಅದನ್ನು ಗುರಿಯಾಗಿ ಇಟ್ಟುಕೊಳ್ಳಬಹುದು.

• ಫೈಲನ್ನು ವೇವ್ ರೂಪದಲ್ಲಿ ಉಳಿಸಿ. ವಾಟ್ಸಾಪ್ ವಾಯ್ಸ್ ಮೆಸೇಜ್ ಆಗಿ ಕಳಿಸಿದರೆ ದನಿ ಕುಗ್ಗಿಸಲ್ಪಡುತ್ತದೆ. ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಿ.

ನೀವೇ ಪರೀಕ್ಷಿಸಿ

ನಮ್ಮ ಮಾತನ್ನೂ ಹಾಗೆಯೇ ನಂಬಬೇಡಿ. ನಿಮ್ಮ ಫೋನಿನಲ್ಲೇ ಒಂದೇ ವಾಕ್ಯವನ್ನು ಎರಡು ಸಲ ರೆಕಾರ್ಡ್ ಮಾಡಿ. ಮೊದಲು ಹಾಲ್‌ನ ನಡುವೆ ನಿಂತು ಒಂದು ಮಾರು ದೂರದಿಂದ, ಆಮೇಲೆ ಬಟ್ಟೆಯ ಬೀರುವಿನ ಮುಂದೆ ಒಂದು ಗೇಣು ದೂರದಿಂದ. ಇಯರ್‌ಫೋನ್ ಹಾಕಿಕೊಂಡು ಎರಡನ್ನೂ ಕೇಳಿ. ಫೋನ್ ಅದೇ, ದನಿ ಅದೇ, ವ್ಯತ್ಯಾಸ ಮಾತ್ರ ಕಿವಿಗೆ ಹೊಡೆದಂತೆ ಗೊತ್ತಾಗುತ್ತದೆ.

ಒಟ್ಟಿನಲ್ಲಿ, ಮೊಟ್ಟೆ ಟ್ರೇಯಿಂದ ಕೋಣೆ ಸೌಂಡ್‌ಪ್ರೂಫ್ ಆಗುತ್ತದೆ ಎಂಬುದು ಸುಳ್ಳು. ದುಬಾರಿ ಮೈಕ್ ಎಲ್ಲವನ್ನೂ ಸರಿಮಾಡುತ್ತದೆ ಎಂಬುದು ಅರ್ಧಸತ್ಯ. ಮೊದಲು ಜಾಗ, ಆಮೇಲೆ ದೂರ, ಕೊನೆಗೆ ಮೈಕ್. ಮೊಟ್ಟೆ ಟ್ರೇಯ ವಿಡಿಯೋ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ, ಕಳಿಸಿದವರಿಗೆ ಆ ಎರಡು ರೆಕಾರ್ಡಿಂಗ್‌ಗಳನ್ನು ಕಳಿಸಿ. ಡಾಕ್ಯುಮೆಂಟ್ ಆಗಿಯೇ ಕಳಿಸಲು ಮರೆಯಬೇಡಿ.