ಸುಖಾಂತಕ್ಕೆ ಯಾರು ಅಧಿಕಾರಿಗಳು?

ಹಗುರವಾದ ಕಥೆಯೆಂದರೆ ಹಗುರವಾದ ಬುದ್ಧಿಯಿಂದ ಹುಟ್ಟಿದ ಕಥೆಯೆಂಬ ತಪ್ಪು ತಿಳಿವಳಿಕೆ ನಮ್ಮ ವಿಮರ್ಶಕರಲ್ಲಿ ಬಹುಕಾಲದಿಂದ ಬೇರೂರಿದೆ. ಅಂಥ ಕಥೆಯು ಎಳೆಹರೆಯದವರಿಗಾಗಿ ಬರೆದದ್ದಾಗಿ, ಸಲಿಂಗಾನುರಾಗವನ್ನು ಕುರಿತದ್ದೂ ಆಗಿಬಿಟ್ಟರೆ, ಅದನ್ನು ಓದಿ ನೋಡುವ ಶ್ರಮವನ್ನು ಸಹ ಅವರು ವಹಿಸರು. ಅಮೆರಿಕದ ಡೇವಿಡ್ ಲೆವಿಥನ್ ಎಂಬ ಗ್ರಂಥಕರ್ತರು 2003ರಲ್ಲಿ ಪ್ರಕಟಿಸಿದ ‘ಬಾಯ್ ಮೀಟ್ಸ್ ಬಾಯ್’ ಎಂಬ ಕಾದಂಬರಿಯನ್ನು ಕುರಿತು ನಮ್ಮ ಸಾಹಿತ್ಯಮಿತ್ರರಲ್ಲಿ ಕೆಲವರು ಆಡುತ್ತಿರುವ ಮಾತುಗಳನ್ನು ಕೇಳಿದ ಮೇಲೆ, ಸುಮ್ಮನಿರುವುದು ಉಚಿತವಲ್ಲವೆಂದು ತೋರಿ ಈ ನಾಲ್ಕು ಪಂಕ್ತಿಗಳನ್ನು ಬರೆಯುತ್ತಿದ್ದೇನೆ.

ಕಥಾವಸ್ತು ಸ್ವಲ್ಪವೇ. ಪಾಲ್ ಎಂಬ ಹೈಸ್ಕೂಲು ವಿದ್ಯಾರ್ಥಿಯು ಒಂದು ಪುಸ್ತಕದಂಗಡಿಯಲ್ಲಿ ಊರಿಗೆ ಹೊಸಬನಾದ ನೋವಾ ಎಂಬುವನನ್ನು ಕಾಣುತ್ತಾನೆ. ಅನುರಾಗ ಅಂಕುರಿಸುತ್ತದೆ, ಪಾಲನ ಚಾಪಲ್ಯದಿಂದ ಮುರಿಯುತ್ತದೆ, ಏಳು ದಿನಗಳ ಅನುನಯದಿಂದ ಮತ್ತೆ ಚಿಗುರುತ್ತದೆ. ಆದರೆ ಕಥೆ ನಡೆಯುವ ಊರು ಮಾತ್ರ ವಿಲಕ್ಷಣವಾದದ್ದು. ಅಲ್ಲಿ ಹುಡುಗನು ಹುಡುಗನನ್ನು ಪ್ರೀತಿಸಿದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಶಾಲೆಯ ಫುಟ್‌ಬಾಲ್ ತಂಡದ ಮುಖ್ಯ ಆಟಗಾರನ ಸ್ಥಾನದಲ್ಲಿ ಆಡುವ ಇನ್ಫಿನಿಟ್ ಡಾರ್ಲೀನಳೇ ಶಾಲೆಯ ಉತ್ಸವರಾಣಿಯೂ ಆಗಿ ಮೆರೆಯುತ್ತಾಳೆ.

ಈ ಗ್ರಂಥಕ್ಕೆ ಮೂರು ಆಕ್ಷೇಪಗಳನ್ನು ಎತ್ತುತ್ತಾರೆ: ಇದರಲ್ಲಿ ಗಾಂಭೀರ್ಯವಿಲ್ಲ; ಇಂಥ ಊರು ಎಲ್ಲಿಯೂ ಇಲ್ಲ; ಇಂಥ ರತಿಯು ರಸಾಭಾಸ.

ಮೊದಲನೆಯದನ್ನು ನೋಡೋಣ. ಹಾಸ್ಯವು ಶೃಂಗಾರದಿಂದಲೇ ಹುಟ್ಟುವುದೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನು. ಹಾಗಿರಲಾಗಿ, ಪ್ರೇಮಕಥೆಯಲ್ಲಿ ನಗುವಿದ್ದರೆ ಅದು ಲೋಪವಾಗುವುದು ಹೇಗೆ? ‘ಸಾಮಾನ್ಯ ಪ್ರೇಮದಲ್ಲಿ ನಗುವಿರಲಿ, ಈ ಪ್ರೇಮದಲ್ಲಿ ಕಣ್ಣೀರೇ ಶೋಭೆ’ ಎಂದು ಆಕ್ಷೇಪಕರು ಉತ್ತರಿಸಬಹುದು. ಅವರ ಮನಸ್ಸಿನ ನಿಜವಾದ ಮಾತು ಇದೇ ಆಗಿದೆ. ಈ ಮಾತಿಗೆ ಒಂದು ಚರಿತ್ರೆಯುಂಟು.

ಇಂಗ್ಲೆಂಡಿನ ಫಾರ್ಸ್ಟರ್ ಮಹಾಶಯರು ‘ಮಾರಿಸ್’ ಎಂಬ ಕಾದಂಬರಿಯನ್ನು 1913-14ರಲ್ಲಿ ಬರೆದು, ಇಬ್ಬರು ಪುರುಷರ ಪ್ರೇಮವನ್ನು ಸುಖಾಂತವಾಗಿಯೇ ಮುಗಿಸಬೇಕೆಂದು ಹಠ ಹಿಡಿದರು; ಅದು ಅಚ್ಚಾದದ್ದು ಅವರ ಮರಣಾನಂತರ, 1971ರಲ್ಲಿ. ಅಮೆರಿಕದಲ್ಲಿ ಮೇರಿಜೇನ್ ಮೀಕರ್ ಎಂಬ ಲೇಖಕಿಯು 1952ರಲ್ಲಿ ‘ಸ್ಪ್ರಿಂಗ್ ಫೈರ್’ ಎಂಬ ಕಥೆಯನ್ನು ಬರೆದಾಗ, ಅಂಚೆಯವರು ತಡೆದಾರೆಂಬ ಭಯದಿಂದ ಪ್ರಕಾಶಕರು ದುಃಖಾಂತವನ್ನೇ ವಿಧಿಸಿದರು. 1969ರಲ್ಲಿ ಜಾನ್ ಡೊನೊವನ್ ಎಂಬವರು ತರುಣರಿಗಾಗಿ ಬರೆದ ಕಾದಂಬರಿಯಲ್ಲಿ ಇಬ್ಬರು ಹುಡುಗರು ಹತ್ತಿರವಾದ ಬಳಿಕ ನಾಯಕನ ಪ್ರೀತಿಯ ನಾಯಿಯು ವಾಹನಕ್ಕೆ ಸಿಕ್ಕಿ ಸಾಯುತ್ತದೆ. ಹುಡುಗನಿಗೆ ಅದು ತನ್ನ ಪಾಪದ ಫಲವೆಂದು ತೋರುತ್ತದೆ. 1982ರಲ್ಲಿ ನ್ಯಾನ್ಸಿ ಗಾರ್ಡನ್ ಎಂಬಾಕೆಯು ‘ಆನಿ ಆನ್ ಮೈ ಮೈಂಡ್’ ಎಂಬ ಕಥೆಯಲ್ಲಿ ಇಬ್ಬರು ಹುಡುಗಿಯರನ್ನು ಕೊನೆಗೆ ಕೂಡಿಸಿದರು. 1993ರಲ್ಲಿ ಕ್ಯಾನ್ಸಸ್ ನಗರದಲ್ಲಿ ಆ ಪುಸ್ತಕವನ್ನು ಸುಟ್ಟರು. ಶಾಲೆಯ ಪುಸ್ತಕಭಂಡಾರದಿಂದ ತೆಗೆದುಹಾಕಿದ್ದನ್ನು ಮರಳಿ ಇರಿಸಲು 1995ರಲ್ಲಿ ನ್ಯಾಯಾಲಯವೇ ಆಜ್ಞಾಪಿಸಬೇಕಾಯಿತು. ಇಲ್ಲಿ ದುಃಖವೆಂಬುದು ರಸದೃಷ್ಟಿಯಿಂದ ಬಂದದ್ದಲ್ಲ. ಮಾರಾಟಕ್ಕೆ ತೆರಬೇಕಾದ ಸುಂಕವಾಗಿ ಬಂದದ್ದು. ಆ ಸುಂಕವನ್ನು ಇಂದು ಗಾಂಭೀರ್ಯವೆಂದು ಕರೆಯುವುದು ಯಾವ ನ್ಯಾಯ?

ಎರಡನೆಯ ಆಕ್ಷೇಪ, ಊರು ಕಲ್ಪಿತವೆಂಬುದು. ನಿಜ, ಕಲ್ಪಿತವೇ. ಈ ಕಾದಂಬರಿ ಹೊರಬಂದ ವರ್ಷದ ಜೂನ್ ತಿಂಗಳಿನವರೆಗೂ ಅಮೆರಿಕದ ಹಲವು ಸಂಸ್ಥಾನಗಳಲ್ಲಿ ಇಂಥವರ ಸಮಾಗಮವು ಶಿಕ್ಷಾರ್ಹವಾಗಿತ್ತು. ನಮ್ಮ ದೇಶದಲ್ಲಿ 1860ರ ದಂಡಸಂಹಿತೆಯ ಬಿಗಿ ಸಡಿಲವಾದದ್ದು 2018ರಲ್ಲಿ. ಆದರೆ ಮೇಘದೂತದ ಅಲಕಾನಗರಿಯನ್ನು ಯಾವ ಭೂಪಟದಲ್ಲಿ ನೋಡಿ ಇವರು ಮೆಚ್ಚಿಕೊಂಡರು? ಇದಲ್ಲದೆ ಲೆವಿಥನ್ನರು ಕಣ್ಣು ಮುಚ್ಚಿ ಕನಸು ಕಂಡವರಲ್ಲ. ಪಾಲನ ಸ್ನೇಹಿತನಾದ ಟೋನಿಯು ಪಕ್ಕದ ಊರಿನವನು. ಅವನ ತಂದೆತಾಯಿಗಳು ಕಟ್ಟುನಿಟ್ಟಾದ ಧರ್ಮಶ್ರದ್ಧೆಯವರು. ಅವರನ್ನು ದ್ವೇಷಿಸಿ ಓಡಿಹೋಗಲು ಅವನು ಒಪ್ಪುವುದಿಲ್ಲ. ಅವರಿಗೆ ತನ್ನ ಮೇಲೆ ಪ್ರೀತಿಯುಂಟೆಂಬುದನ್ನೂ ಬಲ್ಲನು. ಕನಸಿನ ಊರು ಅಲ್ಲಿಂದ ಬಹಳ ದೂರವಿಲ್ಲ, ಆದರೂ ಅವನಿಗೆ ಅದು ಎಟುಕದು. ಗ್ರಂಥದ ಭಾರವೆಲ್ಲ ಈ ಹುಡುಗನ ಮೇಲೆ ನಿಂತಿದೆ.

ಮೂರನೆಯದು ಶಾಸ್ತ್ರದ ಹೆಸರಿನಲ್ಲಿ ಬಂದಿರುವುದರಿಂದ ಶಾಸ್ತ್ರದಿಂದಲೇ ಸಮಾಧಾನ ಹೇಳಬೇಕು. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಶೃಂಗಾರಾಭಾಸದ ಸ್ಥಾನಗಳನ್ನು ಎಣಿಸಿರುವನು: ಉಪನಾಯಕನಲ್ಲಿ ರತಿ, ಮುನಿಗುರುಪತ್ನಿಯರಲ್ಲಿ ರತಿ, ಬಹುನಾಯಕರಲ್ಲಿ ರತಿ, ಪ್ರತಿನಾಯಕನಲ್ಲಿ, ಅಧಮಪಾತ್ರದಲ್ಲಿ, ತಿರ್ಯಗಾದಿಗಳಲ್ಲಿ, ಮತ್ತು ಉಭಯನಿಷ್ಠವಲ್ಲದ ರತಿ. ಸಲಿಂಗರತಿಯ ಹೆಸರು ಈ ಪಟ್ಟಿಯಲ್ಲಿಲ್ಲ. ‘ಆದಿ’ ಶಬ್ದವಿದೆಯಲ್ಲಾ ಎನ್ನುವಿರೋ? ತಮಗೆ ಸೇರದ್ದನ್ನೆಲ್ಲ ತುಂಬುವುದಕ್ಕೆ ‘ಆದಿ’ ಶಬ್ದವೇನು ಗೋಣಿಚೀಲವೆ? ಮನಸ್ಸು ಎರಡೂ ಕಡೆ ನಿಂತಿರಬೇಕೆಂಬುದನ್ನು ಮಾತ್ರ ಆಚಾರ್ಯನು ಬಾಯಿಬಿಟ್ಟು ಹೇಳಿರುವನು. ಪಾಲ್ ಮತ್ತು ನೋವಾರಲ್ಲಿ ಅದು ನಿಂತಿದೆ. ಒಂದು ವೇಳೆ ಆಭಾಸವೇ ಆಗಲಿ, ಆಸ್ವಾದ್ಯವಾದ್ದರಿಂದ ಆಭಾಸವೂ ರಸವೆನಿಸುತ್ತದೆಂದು ಆತನೇ ಒಪ್ಪಿರುವನಲ್ಲ!

ಮಾನಗೊಂಡ ಪ್ರಿಯರನ್ನು ಒಲಿಸಲು ನಮ್ಮ ಆಲಂಕಾರಿಕರು ಸಾಮ, ಭೇದ, ದಾನ, ನತಿ, ಉಪೇಕ್ಷೆ, ರಸಾಂತರ ಎಂಬ ಆರು ಉಪಾಯಗಳನ್ನು ಹೇಳಿದ್ದಾರೆ. ಪಾಲ್ ರಾತ್ರಿಯೆಲ್ಲ ಕುಳಿತು ಕಾಗದದ ಹೂಗಳನ್ನು ಮಡಿಸಿ ಅರ್ಪಿಸುತ್ತಾನೆ; ಅದು ದಾನ. ಒಂದು ದಿನ ನೋವಾನ ಗೋಜಿಗೆ ಹೋಗದೆ ದೂರ ನಿಲ್ಲುತ್ತಾನೆ, ಅದು ಉಪೇಕ್ಷೆ. ದಶರೂಪಕವನ್ನು ಕಂಡರಿಯದ ಹುಡುಗನು ಅದೇ ದಾರಿಯಲ್ಲಿ ನಡೆಯುತ್ತಾನೆಂದರೆ, ದಾರಿಯು ಹೃದಯಕ್ಕೆ ಸೇರಿದ್ದೇ ಹೊರತು ಲಿಂಗಕ್ಕಲ್ಲವೆಂದು ತಿಳಿಯಬಾರದೆ?

ಗ್ರಂಥದಲ್ಲಿ ದೋಷಗಳಿಲ್ಲವೆಂದು ನನ್ನ ವಾದವಲ್ಲ. ಹುಡುಗರೆಲ್ಲರೂ ಒಂದೇ ಬಗೆಯ ಚಾತುರ್ಯದಿಂದ ಮಾತನಾಡುತ್ತಾರೆ. ಹೆಜ್ಜೆಹೆಜ್ಜೆಗೂ ಸುಭಾಷಿತವಾಗಲು ಹವಣಿಸುವ ವಾಕ್ಯಗಳು ಆಯಾಸ ತರುತ್ತವೆ. ಈ ದೋಷಗಳನ್ನು ಹಿಡಿದು ಟೀಕಿಸುವವರಿದ್ದರೆ ನಾನೂ ಅವರ ಪಕ್ಷದವನೇ. ಕಥಾಪಾತ್ರಗಳು ಸುಖವಾಗಿರುವುದನ್ನೇ ದೋಷವೆನ್ನುವವರ ಪಕ್ಷ ಮಾತ್ರ ನನಗೆ ಬೇಡ.

ಊರುಭಂಗದಂಥ ಅಪವಾದವನ್ನುಳಿದು ಸಂಸ್ಕೃತ ನಾಟಕಗಳೆಲ್ಲ ಬಹುಮಟ್ಟಿಗೆ ಸುಖಾಂತಗಳೇ. ಅವುಗಳ ಕೊನೆಯಲ್ಲಿ ಲೋಕಕ್ಕೆಲ್ಲ ಕ್ಷೇಮವನ್ನು ಕೋರುವ ಭರತವಾಕ್ಯವಿರುತ್ತದೆ. ಮನೆಯಲ್ಲಿ ಹೇಳಿಕೊಳ್ಳಲಾರದೆ ಒಳಗೇ ಬೇಯುತ್ತಿರುವ ಟೋನಿಯಂಥ ಎಳೆಯರು ನಮ್ಮ ಜಿಲ್ಲೆಯ ಶಾಲೆಗಳಲ್ಲಿಯೂ ಇದ್ದಾರು. ಪುಸ್ತಕ ತೆರೆದಾಗಲೆಲ್ಲ ತಮ್ಮಂಥವರ ಸಾವನ್ನೇ ಓದಬೇಕೆಂದು ಅವರಿಗೆ ವಿಧಿಸಲು ನಾವು ಯಾರು? ಭರತವಾಕ್ಯದ ‘ಲೋಕ’ದೊಳಗೆ ಆ ಮಕ್ಕಳು ಸೇರಿದ್ದಾರೆಯೋ ಇಲ್ಲವೋ, ಆಕ್ಷೇಪಕ ಮಹಾಶಯರು ಮೊದಲು ಅದನ್ನು ಹೇಳಲಿ.