ಎಲ್ಲ ಕೌಂಟರ್‌ಗಳ ಲೆಕ್ಕ ಒಂದೇ ಕಂಪ್ಯೂಟರ್‌ನಲ್ಲಿ: ಬ್ಯಾಕಪ್ ಯಾರ ಹೊಣೆ?

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯದಲ್ಲಿ ದೊಡ್ಡ ಗದ್ದಲವೇ ಆಯಿತು. ಸ್ಕ್ಯಾನರ್ ತೆಗೆದು 'ಕ್ಯಾಶ್ ಮಾತ್ರ' ಎಂದು ಬೋರ್ಡ್ ಹಾಕಿದ ಅಂಗಡಿಗಳೂ ಇದ್ದವು. ಆ ಗದ್ದಲದಲ್ಲಿ ಒಂದು ಪ್ರಶ್ನೆ ಹಿಂದೆ ಉಳಿಯಿತು. ಖಾತೆಗೆ ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ಕೈಸಾಲದ್ದೆಷ್ಟು? ಮಾರಿದ ಮಾಲಿನಲ್ಲಿ ತರಕಾರಿ, ಹಾಲಿನಂತಹ ತೆರಿಗೆ ಇಲ್ಲದ್ದೆಷ್ಟು? ಇದಕ್ಕೆ ಉತ್ತರ ಕೊಡಬೇಕಾದರೆ ಹಿಂದಿನ ವರ್ಷಗಳ ಲೆಕ್ಕ ಕೈಯಲ್ಲಿರಬೇಕು. ಆ ಲೆಕ್ಕ ಈಗ ಕೆಂಪು ಬಟ್ಟೆಯ ಪುಸ್ತಕದಲ್ಲಿಲ್ಲ, ಕಂಪ್ಯೂಟರ್‌ನಲ್ಲಿದೆ.

ತಾಲೂಕು ಕೇಂದ್ರಗಳಲ್ಲಿ ಗೊಬ್ಬರದ ಅಂಗಡಿ, ಹಾರ್ಡ್‌ವೇರ್, ಕಿರಾಣಿ ಹೋಲ್‌ಸೇಲ್, ಎಪಿಎಂಸಿ ಮಂಡಿ ಯಾವುದನ್ನೇ ನೋಡಿ, ವ್ಯವಸ್ಥೆ ಹೆಚ್ಚುಕಡಿಮೆ ಒಂದೇ. ಬೆಂಗಳೂರು ಮೂಲದ ಟ್ಯಾಲಿ ಅಥವಾ ಅಂಥದ್ದೇ ಒಂದು ಸಾಫ್ಟ್‌ವೇರ್. ಬಿಲ್ ಕೌಂಟರ್‌ನಲ್ಲಿ ಒಂದು ಕಂಪ್ಯೂಟರ್, ಗೋಡೌನ್‌ನಲ್ಲಿ ಒಂದು, ಮಾಲೀಕರ ಟೇಬಲ್ ಮೇಲೆ ಇನ್ನೊಂದು. ಮೂರಕ್ಕೂ ಕೇಬಲ್ ಎಳೆದಿರುತ್ತಾರೆ. ನೋಡಿದವರಿಗೆ ಲೆಕ್ಕ ಮೂರು ಕಡೆ ಇದ್ದಂತೆ ಕಾಣುತ್ತದೆ. ಆದರೆ ಡೇಟಾ ಇರುವುದು ಒಂದೇ ಕಂಪ್ಯೂಟರ್‌ನ ಒಂದು ಫೋಲ್ಡರ್‌ನಲ್ಲಿ. ಉಳಿದ ಎರಡು ಅದೇ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ತೆರೆದು ಬರೆಯುತ್ತವೆ. ಆ ಒಂದು ಹಾರ್ಡ್ ಡಿಸ್ಕ್ ಕೈಕೊಟ್ಟರೆ ಮೂರೂ ಕೌಂಟರ್ ಖಾಲಿ.

ಪೋರ್ಟಲ್‌ನಲ್ಲಿ ಇಲ್ಲದ್ದು ಉದ್ರಿ

'ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್ಲಾ ಇದೆಯಲ್ಲ, ತಗೋಬಹುದು' ಅನ್ನುವವರಿದ್ದಾರೆ. ಅದು ಅರ್ಧ ಸತ್ಯ ಮಾತ್ರ. ನೋಂದಾಯಿತ ವ್ಯಾಪಾರಿಗಳಿಗೆ ಮಾಡಿದ ಬಿಲ್‌ಗಳು ಜಿಎಸ್‌ಟಿಆರ್-1ರಲ್ಲಿ ಒಂದೊಂದಾಗಿ ಇರುತ್ತವೆ. ಊರಿನ ಗಿರಾಕಿಗೆ ಕೊಟ್ಟ ಬಿಲ್‌ಗಳದ್ದು ತೆರಿಗೆ ದರವಾರು ಒಟ್ಟು ಮೊತ್ತ ಮಾತ್ರ. ಯಾವ ರೈತ ಎಷ್ಟು ಮೂಟೆ ಗೊಬ್ಬರ ಉದ್ರಿ ಒಯ್ದಿದ್ದಾರೆ, ಎಷ್ಟು ಜಮಾ ಮಾಡಿದ್ದಾರೆ, ಗೋಡೌನ್‌ನಲ್ಲಿ ಮಾಲೆಷ್ಟಿದೆ, ಯಾರ ಚೆಕ್ ವಾಪಸ್ ಬಂದಿದೆ, ಇವು ಪೋರ್ಟಲ್‌ನಲ್ಲಿಲ್ಲ. ಸುಗ್ಗಿಯ ಮೇಲೆ ಹಣ ವಸೂಲಾಗುವ ನಮ್ಮ ಕಡೆಯ ವ್ಯಾಪಾರದಲ್ಲಿ ಉದ್ರಿ ಲೆಕ್ಕ ಹೋದರೆ ಬಂಡವಾಳವೇ ಹೋದ ಹಾಗೆ.

ಬಾಕಿ ವಸೂಲಿಗೆ ಕೋರ್ಟಿಗೆ ಹೋದರೂ ಅಷ್ಟೇ. ಕ್ರಮಬದ್ಧವಾಗಿ ಇಟ್ಟ ಲೆಕ್ಕದ ನಮೂದು, ಎಲೆಕ್ಟ್ರಾನಿಕ್ ರೂಪದಲ್ಲಿದ್ದರೂ, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಪ್ರಕಾರ ಪರಿಗಣನೆಗೆ ಬರುತ್ತದೆ. ಅದೊಂದರಿಂದಲೇ ಬಾಕಿ ಸಾಬೀತಾಗದು, ನಿಜ. ಆದರೆ ಆ ನಮೂದೂ ಇಲ್ಲದಿದ್ದರೆ ಮಾತು ಶುರು ಮಾಡುವುದೇ ಕಷ್ಟ.

ಕಾನೂನು ಕೇಳುವುದು ಮಾಲೀಕರನ್ನೇ

ಕಂಪ್ಯೂಟರ್‌ನಲ್ಲಿ ಲೆಕ್ಕ ಇಡುವವರು ಸರಿಯಾದ ಬ್ಯಾಕಪ್ ಇಡಲೇಬೇಕು ಎಂದು ಕೇಂದ್ರ ಜಿಎಸ್‌ಟಿ ನಿಯಮ 57 ಹೇಳುತ್ತದೆ. ಅವಘಡದಿಂದಲೋ ಪ್ರಕೃತಿ ವಿಕೋಪದಿಂದಲೋ ದಾಖಲೆ ನಾಶವಾದರೆ ಸಮಂಜಸ ಅವಧಿಯೊಳಗೆ ವಾಪಸ್ ಪಡೆಯುವಂತಿರಬೇಕು. ಕಾಯ್ದೆಯ ಸೆಕ್ಷನ್ 36ರ ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಇಟ್ಟುಕೊಳ್ಳಬೇಕು. 2023-24ರ ರಿಟರ್ನ್‌ಗೆ 2024ರ ಡಿಸೆಂಬರ್ 31 ಕೊನೆ ದಿನವಾಗಿತ್ತು. ಹಾಗಾಗಿ ಆ ವರ್ಷದ ಲೆಕ್ಕ 2030ರ ಡಿಸೆಂಬರ್ 31ರವರೆಗೆ ಬೇಕು. ಮೇಲ್ಮನವಿ, ವಿಚಾರಣೆ ನಡೆಯುತ್ತಿದ್ದರೆ ಇನ್ನೂ ಮುಂದಕ್ಕೆ. ಒಂದು ಹಾರ್ಡ್ ಡಿಸ್ಕ್ ಅಷ್ಟು ವರ್ಷ ಬಾಳುತ್ತದೆ ಎಂದು ಯಾರೂ ಗ್ಯಾರಂಟಿ ಕೊಡುವುದಿಲ್ಲ.

ಲೆಕ್ಕ ಇಡದಿದ್ದರೆ ಅಥವಾ ಉಳಿಸಿಕೊಳ್ಳದಿದ್ದರೆ ಕೇಂದ್ರ ಕಾಯ್ದೆಯ ಸೆಕ್ಷನ್ 122ರಡಿ ದಂಡ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆಯಷ್ಟು, ಯಾವುದು ಹೆಚ್ಚೋ ಅದು.

ಕಂಪನಿ ಎಂದು ನೋಂದಣಿಯಾದವರಿಗೆ ನಿಯಮ ಇನ್ನೂ ಬಿಗಿ. 2022ರ ಆಗಸ್ಟ್‌ನ ತಿದ್ದುಪಡಿಯಂತೆ ಲೆಕ್ಕದ ಬ್ಯಾಕಪ್ ಪ್ರತಿದಿನ ಆಗಬೇಕು, ಅದೂ ಭಾರತದೊಳಗಿನ ಸರ್ವರ್‌ನಲ್ಲಿ. ಇದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಕಂಪನಿ ಕಾಯ್ದೆಯಡಿ ನೋಂದಣಿಯಾದ ರೈತ ಉತ್ಪಾದಕ ಕಂಪನಿಗಳಿಗೂ ಇದೇ ನಿಯಮ.

ಬ್ಯಾಕಪ್ ಇದೆ, ಆದರೆ ಎಲ್ಲಿದೆ?

'ನಮ್ಮಲ್ಲಿ ಬ್ಯಾಕಪ್ ಇದೆ' ಅನ್ನುವ ಅಂಗಡಿಗಳಲ್ಲೂ ಅದು ಎಲ್ಲಿದೆ ಎಂದು ಕೇಳಿದರೆ ಮೂರು ಉತ್ತರ ಬರಬಹುದು.

ಮೊದಲನೆಯದು 'ಡಿ ಡ್ರೈವ್‌ನಲ್ಲಿದೆ'. ಸಿ ಮತ್ತು ಡಿ ಎರಡೂ ಒಂದೇ ಡಿಸ್ಕ್‌ನ ಎರಡು ಭಾಗಗಳಾಗಿದ್ದರೆ ಸಿಡಿಲು ಬಡಿದಾಗ ಎರಡೂ ಒಟ್ಟಿಗೇ ಹೋಗುತ್ತವೆ.

ಎರಡನೆಯದು 'ಇನ್ನೊಂದು ಕಂಪ್ಯೂಟರ್‌ನಲ್ಲಿದೆ' ಅಥವಾ 'ಪೆನ್‌ಡ್ರೈವ್ ಹಾಕೇ ಇಟ್ಟಿದ್ದೀವಿ'. ಡಿಸ್ಕ್ ಕೆಟ್ಟರೆ ಇದರಿಂದ ಉಪಯೋಗವಿದೆ, ರ‍್ಯಾನ್ಸಮ್‌ವೇರ್ ಬಂದರೆ ಇಲ್ಲ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿದ ವನ್ನಾಕ್ರೈ, ವಿಂಡೋಸ್‌ನ ಫೈಲ್ ಶೇರಿಂಗ್ ವ್ಯವಸ್ಥೆಯ ದೋಷವನ್ನೇ ಬಳಸಿ ಒಂದರಿಂದ ಇನ್ನೊಂದಕ್ಕೆ ಹರಡಿತ್ತು. ಈ ಬಗೆಯ ವೈರಸ್‌ಗಳು ಕೈಗೆ ಸಿಕ್ಕ ಶೇರ್ ಫೋಲ್ಡರ್, ಸಿಕ್ಕಿಸಿಟ್ಟ ಪೆನ್‌ಡ್ರೈವ್ ಎಲ್ಲವನ್ನೂ ಲಾಕ್ ಮಾಡಬಲ್ಲವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡವರು ಇದನ್ನು ಗಮನಿಸಬೇಕು.

ಮೂರನೆಯದು 'ಲೆಕ್ಕದವರ ಲ್ಯಾಪ್‌ಟಾಪ್‌ನಲ್ಲಿದೆ'. ಹತ್ತು ಅಂಗಡಿ ನೋಡುವ ಅಕೌಂಟೆಂಟ್ ಬಳಿ ಇರುವುದು ಅವರು ಕೊನೆಯ ಸಲ ಬಂದ ದಿನದ ಪ್ರತಿ. ಅವರು ಕೆಲಸ ಬಿಟ್ಟರೆ ಅದೂ ಇಲ್ಲ. ಟ್ಯಾಲಿಯಲ್ಲಿ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದ್ದು ಅದು ಅವರೊಬ್ಬರಿಗೇ ಗೊತ್ತಿದ್ದರೆ ಪಾಡು ಇನ್ನೂ ಕಷ್ಟ. ಆ ಪಾಸ್‌ವರ್ಡ್ ಮರೆತರೆ ಡೇಟಾ ತೆರೆಯಲು ಬೇರೆ ದಾರಿಯಿಲ್ಲ. ಅದನ್ನು ಬರೆದು ಮಾಲೀಕರ ತಿಜೋರಿಯಲ್ಲಿಡಬೇಕು.

ಗೂಗಲ್ ಡ್ರೈವ್‌ಗೆ ಸಿಂಕ್ ಹಾಕಿದ್ದೇವೆ ಎನ್ನುವವರೂ ಒಂದು ಮಾತು ನೆನಪಿಡಬೇಕು. ಇಲ್ಲಿ ಫೈಲ್ ಕೆಟ್ಟರೆ ಕೆಟ್ಟ ಫೈಲೇ ಅಲ್ಲಿಗೂ ಹೋಗುತ್ತದೆ. ಕೆಲಸ ನಡೆಯುತ್ತಿರುವ ಫೋಲ್ಡರ್ ಬದಲು ಮುಗಿಸಿದ ಬ್ಯಾಕಪ್ ಫೈಲನ್ನು ದಿನಾಂಕ ಹಾಕಿ ಅಲ್ಲಿಗೆ ಏರಿಸುವುದು ಒಳ್ಳೆಯದು.

ಬಾಗಿಲು ಹಾಕುವ ಮುಂಚೆ

ಮಾಡಬೇಕಾದ ಕೆಲಸ ದೊಡ್ಡದಲ್ಲ. ಆದರೆ ಕ್ರಮ ಮುಖ್ಯ. ಒಬ್ಬರು ಗೋಡೌನ್‌ನಲ್ಲಿ ಬಿಲ್ ಹಾಕುತ್ತಿರುವಾಗಲೇ ಇನ್ನೊಬ್ಬರು ಫೋಲ್ಡರ್ ಕಾಪಿ ಹೊಡೆದರೆ ಅರ್ಧಂಬರ್ಧ ಡೇಟಾ ಬರಬಹುದು. ಕಾಪಿಯೇನೋ ಆಗಿರುತ್ತದೆ, ತೆರೆಯುವಾಗ ಎರರ್.

ಆದ್ದರಿಂದ ಸಂಜೆ ಎಲ್ಲ ಕೌಂಟರ್‌ಗಳೂ ಕಂಪನಿ ಕ್ಲೋಸ್ ಮಾಡಿ ಹೊರಬರಬೇಕು. ಆಮೇಲೆ ಡೇಟಾ ಇರುವ ಮುಖ್ಯ ಕಂಪ್ಯೂಟರ್‌ನಿಂದ ಬ್ಯಾಕಪ್ ತೆಗೆಯಬೇಕು. ಟ್ಯಾಲಿಪ್ರೈಮ್‌ನಲ್ಲಾದರೆ ಆಲ್ಟ್ ಜತೆ ವೈ ಒತ್ತಿ ಬ್ಯಾಕಪ್ ಆರಿಸಿದರಾಯಿತು. ಪ್ರತಿದಿನ ಹೊಸ ಫೋಲ್ಡರ್, ಅದಕ್ಕೆ ಆ ದಿನದ ತಾರೀಕು. ಹಳೆಯದರ ಮೇಲೇ ಬರೆದರೆ ನಿನ್ನೆಯ ಒಳ್ಳೆಯ ಪ್ರತಿಯೂ ಹೋಗುತ್ತದೆ.

ಎರಡು ಎಕ್ಸ್‌ಟರ್ನಲ್ ಡಿಸ್ಕ್ ಇಟ್ಟುಕೊಂಡು ಒಂದನ್ನು ಅಂಗಡಿಯಲ್ಲಿ, ಒಂದನ್ನು ಮನೆಯಲ್ಲಿ ಇಟ್ಟು ವಾರಕ್ಕೊಮ್ಮೆ ಅದಲು ಬದಲು ಮಾಡಿದರೆ ಬೆಂಕಿ, ನೆರೆ, ಕಳ್ಳತನ ಮೂರಕ್ಕೂ ರಕ್ಷಣೆ. ಕೆಲಸ ಮುಗಿದ ತಕ್ಷಣ ಡಿಸ್ಕ್ ಕಳಚಬೇಕು.

ತಿಂಗಳಿಗೊಮ್ಮೆ ಬ್ಯಾಕಪ್ ತೆರೆದೂ ನೋಡಬೇಕು. ಅದನ್ನು ಬೇರೆ ಫೋಲ್ಡರ್‌ಗೇ ರಿಸ್ಟೋರ್ ಮಾಡಬೇಕು. ಕೆಲಸ ಮಾಡುವ ಫೋಲ್ಡರ್‌ಗೇ ಮಾಡಿದರೆ ಇವತ್ತಿನ ಡೇಟಾ ಮೇಲೆ ಹಳೆಯದು ಕೂರುತ್ತದೆ. ಕೊನೆಯ ಬಿಲ್ ನಂಬರ್, ಟ್ರಯಲ್ ಬ್ಯಾಲೆನ್ಸ್, ನಾಲ್ಕು ಗಿರಾಕಿಗಳ ಬಾಕಿ ತಾಳೆಯಾದರೆ ಬ್ಯಾಕಪ್ ಸರಿ ಇದೆ ಎಂದರ್ಥ.

ಕರೆಂಟ್ ಹೋಗಿ ಬರುವ ಊರುಗಳಲ್ಲಿ ಮುಖ್ಯ ಕಂಪ್ಯೂಟರ್‌ಗೆ ಮಾತ್ರ ಯುಪಿಎಸ್ ಇದ್ದರೆ ಸಾಲದು. ಕೇಬಲ್‌ಗಳು ಸೇರುವ ಸ್ವಿಚ್ ಡಬ್ಬಿಗೂ ಬೇಕು. ಬಿಲ್ ಸೇವ್ ಆಗುವ ಹೊತ್ತಿಗೆ ಅದು ಆಫ್ ಆದರೂ ಡೇಟಾ ಕೆಡಬಹುದು. ಹಣ ಕೊಟ್ಟರೆ ಮಾತ್ರ ಫೈಲ್ ತೆರೆಯುತ್ತೇವೆ ಎಂಬ ಸಂದೇಶ ಪರದೆ ಮೇಲೆ ಬಂದರೆ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, 1930ಕ್ಕೆ ಕರೆ ಮಾಡಿ ದೂರು ಕೊಡಬೇಕು.

ಮಾಲೀಕರು, ಬಿಲ್ ಹುಡುಗ, ಅಕೌಂಟೆಂಟ್ ಮೂವರೂ 'ಅವರು ಮಾಡಿರ್ತಾರೆ' ಅಂದುಕೊಳ್ಳುವ ಕೆಲಸ ಯಾರೂ ಮಾಡದ ಕೆಲಸವಾಗಿ ಉಳಿಯುತ್ತದೆ. ಒಬ್ಬರ ಹೆಸರಿಗೆ ಈ ಕೆಲಸ ಬರೆದು, ಒಂದು ನೋಟ್‌ಬುಕ್‌ನಲ್ಲಿ ದಿನಾ ತಾರೀಕು ಹಾಕಿ ಸಹಿ ಮಾಡಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಉಳಿದರ್ಧ, ವಾರಕ್ಕೊಮ್ಮೆ ಆ ಸಹಿಯನ್ನು ಮಾಲೀಕರು ತಾವೇ ನೋಡುವುದು. ನೋಟಿಸ್ ಬರುವುದು ಅವರ ಹೆಸರಿಗೇ.