ಧರ್ಮನಿಂದೆಯ ಕಾನೂನೂ ರಾಷ್ಟ್ರಗಳ ಒಡಂಬಡಿಕೆಯೂ

2018ನೆಯ ಇಸವಿಯ ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ಮೂರು ದೇಶಗಳಲ್ಲಿ ಮೂರು ತೀರ್ಮಾನಗಳು ಹೊರಬಿದ್ದವು. 25ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿರುವ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು, ಪ್ರವಾದಿ ಮಹಮ್ಮದರನ್ನು ಕುರಿತು ಹೀನವಾಗಿ ಮಾತನಾಡಿದಳೆಂದು ಆಸ್ಟ್ರಿಯಾ ದೇಶದ ಮಹಿಳೆಯೊಬ್ಬಳಿಗೆ ಅಲ್ಲಿಯ ನ್ಯಾಯಾಲಯ ವಿಧಿಸಿದ್ದ 480 ಯೂರೋ ದಂಡವು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವಲ್ಲವೆಂದು ತೀರ್ಪಿತ್ತಿತು. ಮರುದಿನ ಐರ್ಲೆಂಡಿನ ಪ್ರಜೆಗಳು, ತಮ್ಮ ಸಂವಿಧಾನದಲ್ಲಿ 1937ರಿಂದ ಉಳಿದು ಬಂದಿದ್ದ ಧರ್ಮನಿಂದೆಯ ಅಪರಾಧವನ್ನು ತೆಗೆದುಹಾಕಬೇಕೆಂದು ಮತ ನೀಡಿದರು. ಹಾಗೆ ಮತ ನೀಡಿದವರು ನೂರಕ್ಕೆ ಸುಮಾರು 65 ಮಂದಿ. 31ರಂದು ಪಾಕಿಸ್ತಾನದ ಸರ್ವೋಚ್ಚ ನ್ಯಾಯಾಲಯವು, ಇದೇ ಅಪರಾಧಕ್ಕಾಗಿ 2010ರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಆಸಿಯಾ ಬೀಬಿ ಎಂಬ ಬಡ ಕ್ರೈಸ್ತ ಕೂಲಿಯ ಹೆಣ್ಣುಮಗಳನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು.

ಅಂತರರಾಷ್ಟ್ರೀಯ ಒಡಂಬಡಿಕೆಗಳಿಂದ ಧರ್ಮನಿಂದೆಯ ಕಾನೂನುಗಳನ್ನು ಕೊನೆಗಾಣಿಸಬಹುದೆ, ದೇವರನ್ನು ನಂಬದವನಿಗೆ ರಕ್ಷಣೆ ದೊರಕಿಸಬಹುದೆ ಎಂಬ ಪ್ರಶ್ನೆಗೆ ಉತ್ತರವನ್ನು ಅರಸುವವರು ಈ ಒಂದು ವಾರವನ್ನು ನೋಡಿದರೆ ಸಾಕು. ಒಡಂಬಡಿಕೆಯನ್ನು ಕಾಯುವುದಕ್ಕೆಂದೇ ಹುಟ್ಟಿದ ನ್ಯಾಯಾಲಯ ಹಳೆಯ ದಂಡವನ್ನು ಎತ್ತಿಹಿಡಿಯಿತು. ಕಾನೂನನ್ನು ಕಿತ್ತವರು ಮತಪೆಟ್ಟಿಗೆಯ ಮುಂದೆ ಸಾಲುಗಟ್ಟಿ ನಿಂತ ಸಾಮಾನ್ಯ ಜನರು. ಇನ್ನು ಪಾಕಿಸ್ತಾನದ ಆ ಹೆಣ್ಣುಮಗಳ ಪ್ರಾಣ ಉಳಿದದ್ದು ಸಾಕ್ಷಿಗಳ ಹೇಳಿಕೆಗಳು ಒಂದಕ್ಕೊಂದು ಹೊಂದದೆ ಹೋದುದರಿಂದ. ಕಾನೂನು ಇದ್ದಂತೆಯೇ ಇದ್ದಿತು.

ಬರಹದಲ್ಲಿ ಮಾತ್ರ ಕೊರತೆಯಿಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೆಯ ವಿಧಿ ಆಲೋಚನೆ, ಅಂತಃಸಾಕ್ಷಿ, ಧರ್ಮ ಈ ಮೂರರ ಸ್ವಾತಂತ್ರ್ಯವನ್ನೂ, ಧರ್ಮವನ್ನು ಬದಲಾಯಿಸಿಕೊಳ್ಳುವ ಹಕ್ಕನ್ನೂ ಸಾರಿತು; ಆಗ ಮತ ನೀಡದೆ ತಟಸ್ಥವಾಗಿ ಉಳಿದ 8 ರಾಷ್ಟ್ರಗಳಲ್ಲಿ ಸೌದಿ ಅರೇಬಿಯಾ ಒಂದು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ 1966ರಲ್ಲಿ ಸಿದ್ಧವಾಗಿ 1976ರಲ್ಲಿ ಜಾರಿಗೆ ಬಂದಿತು. ಅದರ ಪಾಲನೆಯನ್ನು ಪರಿಶೀಲಿಸುವ 18 ಸದಸ್ಯರ ಸಮಿತಿಯು 1993ರಲ್ಲಿ ನಾಸ್ತಿಕ ವಿಚಾರಕ್ಕೂ ಯಾವ ಧರ್ಮವನ್ನೂ ಒಪ್ಪದಿರುವುದಕ್ಕೂ ಇದೇ ರಕ್ಷಣೆಯುಂಟೆಂದು ವ್ಯಾಖ್ಯಾನಿಸಿತು. 2011ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದ್ವೇಷವನ್ನು ಹಬ್ಬಿಸಿ ಹಿಂಸೆಗೆ ಪ್ರಚೋದಿಸುವ ಸಂದರ್ಭದ ಹೊರತು, ಧರ್ಮಕ್ಕೆ ಅಗೌರವ ತೋರಿಸಿದನೆಂಬ ಒಂದೇ ಕಾರಣಕ್ಕೆ ಶಿಕ್ಷಿಸುವ ಕಾನೂನು ಒಡಂಬಡಿಕೆಗೆ ಹೊಂದುವುದಿಲ್ಲವೆಂದಿತು. ವ್ಯಾಖ್ಯಾನ ನಿರ್ದುಷ್ಟವಾಗಿದೆ. ಅದನ್ನು ಜಾರಿಗೆ ತರುವ ಪೊಲೀಸಿನವನೊಬ್ಬನೂ ಆ ಸಮಿತಿಯ ಕೈಯಲ್ಲಿಲ್ಲ.

ಇಲ್ಲಿ ಒಂದು ಶಬ್ದವಿಚಾರ ಅಪ್ರಸ್ತುತವಾಗಲಾರದು. ಪಾಣಿನಿಯ ವ್ಯಾಕರಣದಲ್ಲಿ ನಾಸ್ತಿಕ ಶಬ್ದ ಸಿದ್ಧವಾಗುವುದು ‘ಇಲ್ಲ’ ಎಂಬ ಮತಿಯುಳ್ಳವನು ಎಂಬ ಅರ್ಥದಲ್ಲಿ. ಅಂದರೆ ಅದು ಬುದ್ಧಿಯ ಒಂದು ನಿಲುವು, ಕೃತ್ಯವಲ್ಲ. ಮನುಸ್ಮೃತಿಯಾದರೋ ವೇದನಿಂದಕನನ್ನೇ ನಾಸ್ತಿಕನೆಂದು ಕರೆದು, ಸಜ್ಜನರು ಅವನನ್ನು ಹೊರಗೆ ಹಾಕಬೇಕೆಂದು ವಿಧಿಸುವುದು. ಆ ಲಕ್ಷಣವನ್ನು ಹಿಡಿದು ಹೊರಟರೆ ಬೌದ್ಧ ಜೈನರು ಮಾತ್ರವಲ್ಲ, ವೇದಪ್ರಾಮಾಣ್ಯವನ್ನು ಪ್ರಶ್ನಿಸಿದ ಕಲ್ಯಾಣದ ಶರಣರೂ ಹೊರಗೆ ನಿಲ್ಲಬೇಕಾಗುವುದು. ನಿಂದೆ ಯಾವುದು, ವಿಮರ್ಶೆ ಯಾವುದು ಎಂಬುದನ್ನು ಅಧಿಕಾರವುಳ್ಳವರು ನಿರ್ಣಯಿಸತೊಡಗಿದಾಗ ಆಗುವುದೇ ಹೀಗೆ.

ಪಾಕಿಸ್ತಾನದ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡತಕ್ಕದ್ದು. ಬ್ರಿಟಿಷರ ಕಾಲದ 1860ರ ದಂಡಸಂಹಿತೆ ನಮಗೂ ಅವರಿಗೂ ಒಂದೇ ಆಗಿದ್ದಿತು. ಧಾರ್ಮಿಕ ಭಾವನೆಗೆ ಬುದ್ಧಿಪೂರ್ವಕವಾಗಿ ಆಘಾತ ಮಾಡುವುದನ್ನು ಶಿಕ್ಷಿಸುವ 295-ಎ ಕಲಮು ಅದಕ್ಕೆ 1927ರಲ್ಲಿ ಸೇರಿತು. ಭಾರತದಲ್ಲಿ 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿ ಮುಂದುವರಿದಿದೆ. ಸರ್ಕಾರದ ಮಂಜೂರಾತಿಯಿಲ್ಲದೆ ನ್ಯಾಯಾಲಯ ಅಂತಹ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳುವಂತಿಲ್ಲ. ಪಾಕಿಸ್ತಾನವಾದರೋ 1980ರಿಂದ 1986ರ ಒಳಗೆ ಹೊಸ ಕಲಮುಗಳನ್ನು ಒಂದರ ಮೇಲೊಂದು ಹೇರಿತು. ಪ್ರವಾದಿನಿಂದೆಗೆ ಮರಣದಂಡನೆಯನ್ನು ಹೇಳುವ 295-ಸಿ ಅವುಗಳಲ್ಲಿ ಕೊನೆಯದು. ಆ ದೇಶ 2010ರಲ್ಲಿ ಒಡಂಬಡಿಕೆಯನ್ನು ಸ್ಥಿರೀಕರಿಸಿತು. 18, 19ನೆಯ ವಿಧಿಗಳಿಗೆ ಹಾಕಿದ್ದ ಷರತ್ತುಗಳನ್ನೂ 2011ರ ಸೆಪ್ಟೆಂಬರಿನಲ್ಲಿ ಹಿಂದಕ್ಕೆ ಪಡೆಯಿತು. ಕಾಗದದ ಮೇಲೆ ಇದಕ್ಕಿಂತ ಹೆಚ್ಚಿನದನ್ನು ಯಾರು ಕೇಳಿಯಾರು? ಆದರೆ ಅದೇ 2011ರ ಜನವರಿ 4ರಂದು, ಆಸಿಯಾ ಬೀಬಿಯ ಪರವಾಗಿ ಮಾತನಾಡಿದ ಪಂಜಾಬಿನ ಗವರ್ನರ್ ಸಲ್ಮಾನ್ ತಾಸೀರರನ್ನು ಅವರ ಅಂಗರಕ್ಷಕನೇ ಗುಂಡಿಟ್ಟು ಕೊಂದನು. ಮಾರ್ಚ್ 2ರಂದು ಅಲ್ಪಸಂಖ್ಯಾತರ ಸಚಿವ ಶಹಬಾಜ್ ಭಟ್ಟಿಯವರ ಕೊಲೆಯಾಯಿತು. 295-ಸಿ ಕಲಮಿನ ಮೇರೆಗೆ ಆ ಸರ್ಕಾರ ಯಾರನ್ನೂ ನೇಣಿಗೆ ಹಾಕಿಲ್ಲ. ಕೊಂದವರೆಲ್ಲ ಬೀದಿಯ ಜನರು. ಒಡಂಬಡಿಕೆಗಳು ಸರ್ಕಾರದ ಕೈಯನ್ನು ಕಟ್ಟಬಲ್ಲವು. ಗುಂಪಿನ ಕೈಯನ್ನು ಕಟ್ಟಬೇಕಾದುದು ಅದೇ ಸರ್ಕಾರ. ಅದಕ್ಕೇ ಗುಂಪಿನ ಭಯ.

ಸುಡಾನ್ ದೇಶದ ಚರಿತ್ರೆಯೂ ಇದನ್ನೇ ಹೇಳುವುದು. 1985ರ ಜನವರಿಯಲ್ಲಿ ಮಹಮೂದ್ ಮಹಮ್ಮದ್ ತಾಹಾ ಎಂಬ ವೃದ್ಧ ವಿಚಾರವಂತರನ್ನು ಧರ್ಮಭ್ರಷ್ಟರೆಂದು ಅಲ್ಲಿ ಗಲ್ಲಿಗೇರಿಸಿದರು. ಮರುವರ್ಷ ಆ ದೇಶ ಒಡಂಬಡಿಕೆಗೆ ಸೇರಿತು. ಸೇರಿದ 5 ವರ್ಷಗಳ ಮೇಲೆ, 1991ರಲ್ಲಿ, ಧರ್ಮತ್ಯಾಗಕ್ಕೆ ಮರಣದಂಡನೆಯನ್ನು ತನ್ನ ದಂಡಸಂಹಿತೆಯಲ್ಲಿ ಬರೆದುಕೊಂಡಿತು! ಅದು ಅಳಿದದ್ದು 2020ರಲ್ಲಿ. ಹಿಂದಿನ ವರ್ಷ ಜನರು ಬೀದಿಗಿಳಿದು ಆಳುವವರನ್ನು ಬದಲಾಯಿಸಿದ ಮೇಲೆ.

ಹಾಗೆಂದು ಒಡಂಬಡಿಕೆಗಳನ್ನು ರದ್ದಿ ಕಾಗದವೆಂದು ತಳ್ಳಿಹಾಕುವುದು ಅವಿವೇಕ. ಎರಡು ಕಡೆ ಅವುಗಳಿಗೆ ಹಲ್ಲು ಇದೆ. ಒಂದು, ವ್ಯಾಪಾರ. ಪಾಕಿಸ್ತಾನದ ಸರಕುಗಳಿಗೆ ಯೂರೋಪಿನ ಒಕ್ಕೂಟ 2014ರಿಂದ ನೀಡುತ್ತಿರುವ ಸುಂಕದ ರಿಯಾಯಿತಿಗೆ 27 ಅಂತರರಾಷ್ಟ್ರೀಯ ಒಡಂಬಡಿಕೆಗಳ ಪಾಲನೆಯ ಷರತ್ತುಂಟು. 2021ರ ಏಪ್ರಿಲಿನಲ್ಲಿ ಯೂರೋಪಿನ ಸಂಸತ್ತು, ಧರ್ಮನಿಂದೆಯ ಆರೋಪದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕ್ರೈಸ್ತ ದಂಪತಿಗಳ ಹೆಸರೆತ್ತಿ, ಈ ರಿಯಾಯಿತಿಯನ್ನು ಪುನರ್ವಿಮರ್ಶಿಸಬೇಕೆಂದು ನಿರ್ಣಯಿಸಿತು. ಜೂನ್ ತಿಂಗಳಲ್ಲಿ ಲಾಹೋರಿನ ಉಚ್ಚ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಒಂದು ಇನ್ನೊಂದಕ್ಕೆ ಕಾರಣವೆಂದು ಸಾಧಿಸಿ ತೋರಿಸುವುದು ಕಷ್ಟ. ಆದರೂ ಕಾನೂನು ಹಾಗೆಯೇ ಉಳಿದು ಇಬ್ಬರ ಪ್ರಾಣ ಉಳಿಯಿತೆಂಬುದು ಸಣ್ಣ ಮಾತಲ್ಲ. ಎರಡನೆಯದು, 1951ರ ನಿರಾಶ್ರಿತರ ಒಡಂಬಡಿಕೆ. ಧರ್ಮದ ಕಾರಣದಿಂದ ಹಿಂಸೆಗೆ ಹೆದರಿ ಬಂದವನನ್ನು ಅದೇ ಹಿಂಸೆಯ ಬಾಯಿಗೆ ಮರಳಿ ನೂಕಬಾರದೆಂದು ಅದು ಕಟ್ಟುಮಾಡುವುದು. ಧರ್ಮವಿಲ್ಲದವನಿಗೂ ಈ ಆಸರೆ ಸಲ್ಲುವುದೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಇಲಾಖೆ ಹೇಳಿದೆ. ಗಡಿ ದಾಟಿದ ನಂಬದವನಿಗೆ ಈ ಒಡಂಬಡಿಕೆ ದೊಡ್ಡ ನೆರವು. ಊರಿನಲ್ಲಿಯೇ ಉಳಿದವನಿಗೆ ಅಷ್ಟಿಲ್ಲ.

ಉಳಿದವನಿಗಾಗಿ ಏನನ್ನು ಕೇಳಬೇಕೆಂಬುದೇ ಈಗಿನ ಪ್ರಶ್ನೆ. ಕಾನೂನನ್ನು ಪೂರ್ತಿಯಾಗಿ ರದ್ದುಮಾಡಿರೆಂದು ಹೊರಗಿನವರು ಕೂಗಿದಷ್ಟೂ ಒಳಗಿನ ಸಂಪ್ರದಾಯಸ್ಥರು ಅದನ್ನು ಧರ್ಮದ ಮಾನವೆಂದು ಅಪ್ಪಿಕೊಳ್ಳುವರು. ಅದಕ್ಕಿಂತ ಸಣ್ಣದನ್ನು ಹಟ ಹಿಡಿದು ಕೇಳುವುದು ಲೇಸೆಂದು ತೋರುವುದು. ನೆರೆಹೊರೆಯ ಜಗಳಗಂಟರ ದೂರಿನ ಮೇಲೆ ಬಂಧಿಸಕೂಡದು. ಸುಳ್ಳು ದೂರಿಗೆ ಶಿಕ್ಷೆಯಿರಬೇಕು. ಆರೋಪಿಗೂ ಅವನ ವಕೀಲನಿಗೂ ರಕ್ಷಣೆ ಬೇಕು. ಪಾಕಿಸ್ತಾನವೇ 2004ರ ತಿದ್ದುಪಡಿಯಲ್ಲಿ 295-ಸಿ ಮೊಕದ್ದಮೆಯ ತನಿಖೆಯನ್ನು ಪೊಲೀಸ್ ಸೂಪರಿಂಟೆಂಡೆಂಟರಿಗಿಂತ ಕೆಳಗಿನವರು ಮಾಡಕೂಡದೆಂದು ಒಪ್ಪಿದೆ. ಒಪ್ಪಿಸುವುದು ಅಸಾಧ್ಯವೇನಲ್ಲ.

ಅಧ್ಯಾಪಕವೃಂದದವರು ವಿಶೇಷವಾಗಿ ಗಮನಿಸತಕ್ಕ ಪ್ರಸಂಗವೊಂದು ಮುಲ್ತಾನ್ ನಗರದ್ದು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಬೋಧಿಸುತ್ತಿದ್ದ ತರುಣ ಉಪನ್ಯಾಸಕನನ್ನು 2013ರಲ್ಲಿ ಧರ್ಮನಿಂದೆಯ ಆರೋಪದ ಮೇಲೆ ಸೆರೆಹಿಡಿದರು. 2019ರ ಡಿಸೆಂಬರಿನಲ್ಲಿ ಅವನಿಗೆ ಮರಣದಂಡನೆ ವಿಧಿಸಲಾಯಿತು. ನಡುವೆ ಅವನ ಪರವಾಗಿ ವಾದಿಸಲು ಮುಂದೆ ಬಂದ ವಕೀಲ ರಶೀದ್ ರೆಹಮಾನ್, ವಿಚಾರಣೆಯ ಹೊತ್ತಿನಲ್ಲಿಯೇ ತಮಗೆ ಕೊಲೆಯ ಬೆದರಿಕೆ ಬಂದಿತೆಂದು ಹೇಳಿದರು. ಪಾಕಿಸ್ತಾನದ ಮಾನವ ಹಕ್ಕುಗಳ ಆಯೋಗವೂ ಬಹಿರಂಗವಾಗಿ ಎಚ್ಚರಿಸಿತು. 2014ರ ಮೇ 7ರಂದು ಅವರನ್ನು ಅವರ ಕಚೇರಿಯಲ್ಲಿಯೇ ಗುಂಡಿಕ್ಕಿ ಕೊಂದರು. ಆ ದೇಶ ಒಡಂಬಡಿಕೆಯನ್ನು ಸ್ಥಿರೀಕರಿಸಿ ಆಗ 4 ವರ್ಷಗಳಾಗುತ್ತ ಬಂದಿದ್ದವು.